ಒನಕೆ, ಬಾಣ, ಬಲ: ಬಳ್ಳಿಗಾವಿಯ ವೈಶೇಷಿಕವೂ ಮುಕ್ತಕಾಯ ಚಿತ್ರದ ಕಲಿಕೆಯೂ

ಯಂತ್ರಶಾಸ್ತ್ರದ ಲೆಕ್ಕ ಬಿಡಿಸಲು ಪಿಯುಸಿ ವಿದ್ಯಾರ್ಥಿ ಮೊದಲು ಕಲಿಯಬೇಕಾದದ್ದು ಮುಕ್ತಕಾಯ ಚಿತ್ರ, ಅಂದರೆ ಫ್ರೀ ಬಾಡಿ ಡಯಾಗ್ರಾಂ. ಒಂದು ವಸ್ತುವನ್ನು ಸುತ್ತಲಿನಿಂದ ಬಿಡಿಸಿ ಬರೆದು, ಬೇರೆ ವಸ್ತುಗಳು ಅದರ ಮೇಲೆ ಹಾಕುವ ಬಲಗಳನ್ನಷ್ಟೇ ಬಾಣಗುರುತುಗಳಲ್ಲಿ ತೋರಿಸುವ ಕ್ರಮವಿದು. ಇದರ ಚರಿತ್ರೆಯನ್ನು ಯುರೋಪಿನಿಂದ ಆರಂಭಿಸುವುದು ರೂಢಿ; ಚಿತ್ರದ ಮಟ್ಟಿಗೆ ಅದು ಸರಿ. ಆದರೆ ಈ ಗಳಿಗೆಯಲ್ಲಿ ಈ ವಸ್ತುವಿನ ಚಲನೆಗೆ ಯಾವುದು ಕಾರಣ, ಯಾವುದು ಅಲ್ಲ ಎಂಬ ವಿಚಾರಣೆ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ ಪಾಠವಾಗುತ್ತಿದ್ದ ದರ್ಶನವೊಂದಕ್ಕೆ ಸೇರಿದ್ದು. ಇಂದಿನ ವಿದ್ಯಾರ್ಥಿ ಎಡವುವ ಜಾಗವನ್ನೂ ಅದು ಬೆಳಗಿಸುತ್ತದೆ ಎಂಬುದು ಈ ಲೇಖನದ ವಾದ.

ಕೋಡಿಮಠದ ಪಾಠಗಳು

ಬಳ್ಳಿಗಾವಿಯ ಕೇದಾರೇಶ್ವರಕ್ಕೆ ಸೇರಿದ ಕೋಡಿಮಠ ಕಾಳಾಮುಖ ಶೈವರ ದೊಡ್ಡ ವಿದ್ಯಾಕೇಂದ್ರವಾಗಿತ್ತು. ಕಳಚುರಿ ಬಿಜ್ಜಳನ ಕಾಲದ, 1162ರ ಶಾಸನ ಅಲ್ಲಿ ನಡೆಯುತ್ತಿದ್ದ ಅಧ್ಯಯನವನ್ನು ಪಟ್ಟಿ ಮಾಡುತ್ತದೆ: ನಾಲ್ಕು ವೇದ, ಕೌಮಾರ, ಪಾಣಿನೀಯ, ಶಾಕಟಾಯನ ವ್ಯಾಕರಣ, ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯ, ಬೌದ್ಧ ದರ್ಶನ, ಲಾಕುಲ ಸಿದ್ಧಾಂತ, ಪಾತಂಜಲ ಯೋಗ. ಬಡವರಿಗೆ ಅನ್ನ, ರೋಗಿಗಳಿಗೆ ಔಷಧ ಒದಗಿಸುತ್ತಿದ್ದ ಮಠವೂ ಇದೇ. ಬಿ.ಎಲ್. ರೈಸ್ ಎಪಿಗ್ರಾಫಿಯಾ ಕರ್ನಾಟಿಕದ 7ನೇ ಸಂಪುಟದಲ್ಲಿ ಈ ಶಾಸನವನ್ನು ಪ್ರಕಟಿಸಿದರು. ನಮ್ಮ ವಿಷಯಕ್ಕೆ ಮುಖ್ಯವಾದದ್ದು ಪಟ್ಟಿಯಲ್ಲಿರುವ ವೈಶೇಷಿಕ.

ಕಣಾದನ ವೈಶೇಷಿಕ ಸೂತ್ರಗಳ 5ನೇ ಅಧ್ಯಾಯ ಚಲನೆಯ ವಿಚಾರಕ್ಕೆ ಮೀಸಲು. ಅಲ್ಲಿ ಒನಕೆಯೇ ಉದಾಹರಣೆ. ಕೈ ಏಳುವುದು ಪ್ರಯತ್ನದಿಂದ. ಒನಕೆ ಏಳುವುದು ಕೈಯ ಸಂಯೋಗದಿಂದ. ಒರಳಿಗೆ ಬಡಿದು ಪುಟಿದಾಗ ಮಾತ್ರ ಕಾರಣ ಬಡಿತವೇ ಹೊರತು ಕೈಯಲ್ಲ, ಕೈ ಇನ್ನೂ ಹಿಡಿದಿದ್ದರೂ ಸಹ. ಹಿಡಿತ ಇಲ್ಲದಾಗ ಒನಕೆ ಬೀಳುವುದು ಗುರುತ್ವದಿಂದ. ಒಂದೇ ವಸ್ತುವನ್ನು ಹಿಡಿದು, ಗಳಿಗೆ ಗಳಿಗೆಗೂ ಕಾರಣಗಳನ್ನು ಸೇರಿಸುತ್ತ, ತೆಗೆಯುತ್ತ ಹೋಗುವ ಈ ಶಿಸ್ತು ಮುಕ್ತಕಾಯ ಚಿತ್ರ ಬೇಡುವ ಶಿಸ್ತಿಗೆ ಬಹಳ ಹತ್ತಿರದ್ದು.

ಬಾಣದ ವಿಚಾರದಲ್ಲಿ ದಾರಿ ಕವಲೊಡೆಯುತ್ತದೆ. ಬಾಣದ ಮೊದಲ ಚಲನೆ ನೂಕುವಿಕೆಯಿಂದ. ಮುಂದಿನದು ಬಾಣದಲ್ಲೇ ಹುಟ್ಟಿದ ವೇಗವೆಂಬ ಸಂಸ್ಕಾರದಿಂದ. ಅದು ಮುಗಿದಾಗ ಗುರುತ್ವದಿಂದ ಪತನ. ಅಂದರೆ ಚಲನೆ ಮುಂದುವರಿಯುವುದಕ್ಕೂ ವೈಶೇಷಿಕಕ್ಕೆ ಕಾರಣವೊಂದು ಬೇಕು. ಆದರೆ ನ್ಯೂಟನ್ನನ ಪ್ರಕಾರ ಚಲಿಸುತ್ತಲೇ ಇರುವುದಕ್ಕೆ ಬಲ ಬೇಡ. ಚಲನೆ ಬದಲಾಗುವುದಕ್ಕೆ ಬೇಕು. ವೈಶೇಷಿಕದಲ್ಲಿ ಬಲದ ಅಳತೆಯಾಗಲಿ, ಕ್ರಿಯೆ–ಪ್ರತಿಕ್ರಿಯೆಯ ನಿಯಮವಾಗಲಿ ಇಲ್ಲ.

ಯುರೋಪಿನ ದಾರಿ

ಸೈಮನ್ ಸ್ಟೆವಿನ್ 1586ರಲ್ಲಿ ಇಳಿಜಾರಿನ ಮೇಲಿನ ಸಮತೋಲವನ್ನು ವಿವರಿಸಿದ. ನ್ಯೂಟನ್ನನ ಪ್ರಿನ್ಸಿಪಿಯಾ ಬಂದದ್ದು 1687ರಲ್ಲಿ. ಅದೇ ವರ್ಷ ವಾರಿನ್ಯೋ ಬಲಗಳ ಸಂಯೋಜನೆಯ ಮೇಲೆ ಸ್ಥಿತಿಶಾಸ್ತ್ರವನ್ನು ಕಟ್ಟಲು ಹೊರಟ. 18ನೇ ಶತಮಾನದಲ್ಲಿ ಆಯ್ಲರ್, ವಸ್ತುವಿನ ಯಾವುದೇ ಭಾಗವನ್ನು ಮನಸ್ಸಿನಲ್ಲೇ ಕತ್ತರಿಸಿ ಬೇರೆ ಮಾಡಿ, ಕತ್ತರಿಸಿದ ಮೈಮೇಲಿನ ಬಲಗಳೊಡನೆ ಅದಕ್ಕೂ ಚಲನೆಯ ನಿಯಮಗಳನ್ನು ಅನ್ವಯಿಸುವ ದಾರಿ ತೋರಿದ. ಮುಂದೆ ಎಂಜಿನಿಯರಿಂಗ್ ಪಠ್ಯಗಳು ಇದನ್ನು ಬೋಧನೆಯ ಕ್ರಮವಾಗಿ ಬೆಳೆಸಿದವು.

ತರಗತಿಯಲ್ಲಿ

3 ಕಿಲೋಗ್ರಾಂ ಒನಕೆಯನ್ನು ಕೈ 36 ನ್ಯೂಟನ್ ಬಲದಿಂದ ಮೇಲೆತ್ತುತ್ತಿದೆ ಎನ್ನೋಣ. ಚಿತ್ರದಲ್ಲಿ ಮೇಲಕ್ಕೆ 36, ಕೆಳಕ್ಕೆ ತೂಕ 29.4, ಉಳಿದ 6.6 ನ್ಯೂಟನ್ನಿನಿಂದ ಸೆಕೆಂಡಿಗೆ ಸೆಕೆಂಡಿಗೆ 2.2 ಮೀಟರ್ ವೇಗೋತ್ಕರ್ಷ. ಒನಕೆ ಏರುತ್ತಿರುವಾಗಲೇ ಕೈ ಬಿಟ್ಟರೆ? ಗಾಳಿಯ ತಡೆಯನ್ನು ಗಣಿಸದಿದ್ದರೆ ಉಳಿಯುವುದು 29.4 ನ್ಯೂಟನ್ನಿನ ತೂಕವೊಂದೇ. ಅನೇಕ ವಿದ್ಯಾರ್ಥಿಗಳು ಇಲ್ಲಿ ಮೇಲ್ಮುಖವಾಗಿ ಇನ್ನೊಂದು ಬಾಣಗುರುತು ಹಾಕುತ್ತಾರೆ. ಜಾನ್ ಕ್ಲೆಮೆಂಟ್ 1982ರಲ್ಲಿ ಪ್ರಕಟಿಸಿದ ಅಧ್ಯಯನವೂ, ಮೇಲೆಸೆದ ನಾಣ್ಯದ ಪ್ರಶ್ನೆಯಲ್ಲಿ ಅಮೆರಿಕದ ಎಂಜಿನಿಯರಿಂಗ್ ವಿದ್ಯಾರ್ಥಿಗಳ ನಡುವೆ ಇದೇ ನಂಬಿಕೆಯನ್ನು ದಾಖಲಿಸಿತು. ಅವರು ಹಾಕಿದ ಗುರುತು ವೈಶೇಷಿಕದ ವೇಗವೇ.

ಆದ್ದರಿಂದ ಇದನ್ನು ದಡ್ಡತನವೆಂದು ತಳ್ಳಿಹಾಕುವುದು ಅನ್ಯಾಯ. ಸೂಕ್ಷ್ಮಮತಿಗಳ ಪರಂಪರೆಯೊಂದು ಆಲೋಚಿಸಿ ಕಂಡುಕೊಂಡ ಉತ್ತರವದು. ಗುರುತು ಹಾಕಿದವರಿಗೆ ಶಿಕ್ಷಕರು ಕೇಳಬೇಕಾದದ್ದು ಇಷ್ಟೇ: ಈ ಬಲವನ್ನು ಹಾಕುತ್ತಿರುವ ಇನ್ನೊಂದು ವಸ್ತು ಯಾವುದು? ಹೆಸರು ಹೇಳಲಾಗದಿದ್ದರೆ ಗುರುತನ್ನು ಅಳಿಸಬೇಕು. ಇದನ್ನು ಅಭ್ಯಾಸ ಮಾಡಿಸಲು ಜಾಗವೂ ಹತ್ತಿರದಲ್ಲೇ ಇದೆ: ನೆರೆಯ ಸೊರಬ ತಾಲ್ಲೂಕು ವೀರಗಲ್ಲುಗಳ ಸೀಮೆ. ಬಿಲ್ಲುಗಾರನ ಕೆತ್ತನೆಯಿರುವ ಕಲ್ಲಿನ ಮುಂದೆ ಮಕ್ಕಳನ್ನು ನಿಲ್ಲಿಸಿ, ಬಾಣ ಹೆದೆಯಲ್ಲಿದ್ದಾಗ ಒಂದು, ಹೆದೆ ಬಿಟ್ಟ ಮೇಲೆ ಒಂದು ಚಿತ್ರ ಬರೆಸಬಹುದು. ಎರಡರ ನಡುವಿನ ವ್ಯತ್ಯಾಸವನ್ನು ಸ್ವಂತ ಮಾತಿನಲ್ಲಿ ವಿವರಿಸಬಲ್ಲ ಮಗು ನ್ಯೂಟನ್ನನ ಮೊದಲ ನಿಯಮವನ್ನು ನಿಜವಾಗಿ ಕಲಿತಿದೆ.