ಅಭಿಮಾನಿಗಳ ಮುನಿಸು ಮತ್ತು ಬಾಬ್ ಡೈಲನ್‌ರ ಗಿಟಾರು

1965ರ ಜುಲೈ 25ರಂದು ಅಮೆರಿಕದ ರೋಡ್ ಐಲೆಂಡ್ ರಾಜ್ಯದ ನ್ಯೂಪೋರ್ಟ್ ಜಾನಪದ ಸಂಗೀತೋತ್ಸವದಲ್ಲಿ 24ರ ಹರೆಯದ ಬಾಬ್ ಡೈಲನ್ ಎಲೆಕ್ಟ್ರಿಕ್ ಗಿಟಾರು ಹಿಡಿದು ವೇದಿಕೆಗೆ ಬಂದರು. ಬೆನ್ನಿಗೆ ಡ್ರಮ್, ಆರ್ಗನ್‌ಗಳ ವಾದ್ಯತಂಡವಿತ್ತು. ಮೂರು ಹಾಡು ಮುಗಿಸಿ ಇಳಿಯುವಷ್ಟರಲ್ಲಿ ಚಪ್ಪಾಳೆಯ ಜೊತೆ ಧಿಕ್ಕಾರದ ಕೂಗೂ ಎದ್ದಿತು. ಮತ್ತೆ ಬಂದು ಹಳೆಯ ಮರದ ಗಿಟಾರಿನಲ್ಲಿ ಎರಡು ಹಾಡು ಹಾಡಿದ ಮೇಲೆಯೇ ಸಭೆ ತಣ್ಣಗಾದದ್ದು.

ಒಂದು ವಾದ್ಯ ಬದಲಾದುದಕ್ಕೆ ಇಷ್ಟು ಸಿಟ್ಟೇಕೆ? ಉತ್ತರಕ್ಕಾಗಿ ಎರಡು ವರ್ಷ ಹಿಂದೆ ಹೋಗಬೇಕು. 1963ರಲ್ಲಿ ಇದೇ ನ್ಯೂಪೋರ್ಟ್‌ನಲ್ಲಿ ಪೀಟ್ ಸೀಗರ್, ಜೋನ್ ಬೇಝ್ ಮುಂತಾದವರ ಸಾಲಿನಲ್ಲಿ ನಿಂತು ಡೈಲನ್ ಹಾಡಿದ್ದರು. ಅದೇ ಆಗಸ್ಟ್ 28ರಂದು ಮಾರ್ಟಿನ್ ಲೂಥರ್ ಕಿಂಗ್ ಐತಿಹಾಸಿಕ ಭಾಷಣ ಮಾಡಿದ ವಾಷಿಂಗ್ಟನ್ ಸಮಾವೇಶದಲ್ಲೂ ಅವರ ದನಿ ಕೇಳಿತ್ತು. ವರ್ಣಭೇದ ಮತ್ತು ಯುದ್ಧದ ವಿರುದ್ಧ ನಿಂತ ಯುವಜನರಿಗೆ ಅವರ ಹಾಡು ಬರಿಯ ಮನರಂಜನೆಯಾಗಿರಲಿಲ್ಲ, ತಮ್ಮದೇ ಮಾತಾಗಿತ್ತು. ಅಬ್ಬರದ ರಾಕ್ ಸಂಗೀತವೆಂದರೆ ಅವರ ಪಾಲಿಗೆ ಮಾರುಕಟ್ಟೆಯ ಸರಕು. ತಮ್ಮವನೊಬ್ಬ ಅತ್ತ ನಡೆದನೆಂಬ ನೋವು ಆ ಕೂಗಿನಲ್ಲಿತ್ತು.

ಎಲ್ಲರ ದೂರೂ ಒಂದೇ ಆಗಿರಲಿಲ್ಲವೆನ್ನಿ. ಧ್ವನಿವರ್ಧಕದ ಗದ್ದಲದಲ್ಲಿ ಪದಗಳು ಕೇಳಿಸುತ್ತಿರಲಿಲ್ಲ ಎಂಬುದು ಸೀಗರ್ ಅವರ ಆಕ್ಷೇಪವಾಗಿತ್ತು. ಕಾರ್ಯಕ್ರಮ ತೀರಾ ಚಿಕ್ಕದಾಯಿತೆಂದು ಬೇಸರಗೊಂಡವರೂ ಇದ್ದರು. ಆದರೆ ಅದೇ ಉತ್ಸವದಲ್ಲಿ ಪಾಲ್ ಬಟರ್‌ಫೀಲ್ಡ್ ತಂಡವೂ ಎಲೆಕ್ಟ್ರಿಕ್ ವಾದ್ಯಗಳನ್ನೇ ನುಡಿಸಿತ್ತು. ಡೈಲನ್ ಬೆನ್ನಿಗೆ ನಿಂತವರಲ್ಲಿ ಆ ತಂಡದವರೂ ಇದ್ದರು. ಅಂದ ಮೇಲೆ ಮುನಿಸು ವಾದ್ಯದ ಮೇಲಷ್ಟೇ ಅಲ್ಲ, ಅದನ್ನು ಹಿಡಿದ ಕೈಯ ಮೇಲೆ.

ಮುನಿಸು ಅಲ್ಲಿಗೇ ನಿಲ್ಲಲಿಲ್ಲ. ಡೈಲನ್ 'ಹಾಕ್ಸ್' ಎಂಬ ತಂಡದೊಡನೆ ಊರೂರು ಸುತ್ತಿದರು. ನಿತ್ಯದ ಧಿಕ್ಕಾರದಿಂದ ಬೇಸತ್ತು ಡ್ರಮ್ ವಾದಕ ಲೆವನ್ ಹೆಲ್ಮ್ 1965ರ ಕೊನೆಯಲ್ಲಿ ತಂಡವನ್ನೇ ಬಿಟ್ಟರು. 1966ರ ಮೇ 17ರಂದು ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಸಭಿಕನೊಬ್ಬ 'ಜೂದಾಸ್' ಎಂದು ಕೂಗಿದ. ಬೈಬಲಿನಲ್ಲಿ ಯೇಸುವನ್ನು ಹಿಡಿದುಕೊಟ್ಟ ಶಿಷ್ಯನ ಹೆಸರದು. ನಿನ್ನ ಮಾತನ್ನು ನಾನು ನಂಬುವುದಿಲ್ಲ ಎಂದ ಡೈಲನ್, ಇನ್ನಷ್ಟು ಜೋರಾಗಿ ನುಡಿಸುವಂತೆ ತಂಡಕ್ಕೆ ಹೇಳಿ ಹಾಡು ಮುಂದುವರಿಸಿದರು.

ಸ್ವಾರಸ್ಯವೆಂದರೆ, ಡೈಲನ್ ಶಾಲಾ ದಿನಗಳಲ್ಲಿಯೇ ಮಿನೆಸೋಟದ ಹಿಬ್ಬಿಂಗ್‌ನಲ್ಲಿ ಗೆಳೆಯರ ತಂಡ ಕಟ್ಟಿ ರಾಕ್ ಅಂಡ್ ರೋಲ್ ನುಡಿಸಿದ್ದವರು. ಅಭಿಮಾನಿಗಳಿಗೆ ದ್ರೋಹವಾಗಿ ಕಂಡದ್ದು ಅವರಿಗೆ ಹಳೆಯ ದಾರಿಯೇ ಆಗಿತ್ತು. ಹಾಕ್ಸ್ ಮುಂದೆ 'ದ ಬ್ಯಾಂಡ್' ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. ಹೆಲ್ಮ್ ಕೂಡ ಮರಳಿ ಬಂದರು. ಮ್ಯಾಂಚೆಸ್ಟರ್‌ನ ಆ ಕಛೇರಿಯ ಧ್ವನಿಮುದ್ರಿಕೆ 1998ರಲ್ಲಿ ಅಧಿಕೃತವಾಗಿ ಹೊರಬಂದಾಗ ಜನ ಅದನ್ನು ಮೆಚ್ಚಿ ಕೇಳಿದರು. 2016ರಲ್ಲಿ ಡೈಲನ್‌ಗೆ ಸಾಹಿತ್ಯದ ನೊಬೆಲ್ ಬಂತು.

ಹಾಗೆಂದು ಅಂದು ಕೂಗಿದವರನ್ನು ಮೂಢರೆಂದು ನಗುವುದು ಸುಲಭ, ನ್ಯಾಯವಲ್ಲ. ಹಾಡನ್ನು ಅಷ್ಟು ಗಂಭೀರವಾಗಿ ಎದೆಗೆ ಹಚ್ಚಿಕೊಂಡಿದ್ದರಿಂದಲೇ ಅವರಿಗೆ ಅಷ್ಟು ನೋವಾಯಿತು. ಹಾಡು ಕೇಳುಗನದೂ ಆಗಬಲ್ಲದು. ಹಾಡುಗಾರ ಮಾತ್ರ ಯಾರ ಸ್ವತ್ತೂ ಅಲ್ಲ. ಈ ಗೆರೆಯನ್ನು ಮರೆತಾಗ ಅಭಿಮಾನವು ಒಡೆತನವಾಗುತ್ತದೆ. ಕಲಾವಿದರಷ್ಟೇ ಅಲ್ಲ, ನಾವು ಮೆಚ್ಚಿದ ಲೇಖಕರು, ನಾಯಕರು, ನಮ್ಮ ಮನೆಯ ಮಕ್ಕಳ ವಿಷಯದಲ್ಲೂ ಇದು ನಿಜವಲ್ಲವೇ?