ಕುಂಡದ ಮರ ಮತ್ತು ಪ್ರಕೃತಿಧರ್ಮ: ಬೋನ್ಸಾಯ್ ಕಲೆಯ ಇತಿಹಾಸದಲ್ಲಿ ಒಂದು ವಿವಾದ

ಒಂದು ಜನಾಂಗದ ಮನೋಧರ್ಮವನ್ನು ತಿಳಿಯುವುದಕ್ಕೆ ಅದರ ಅರಸರ ವಂಶಾವಳಿ ಮತ್ತು ಯುದ್ಧಸಂಧಾನಗಳ ವೃತ್ತಾಂತವಷ್ಟೇ ಸಾಲದು. ಆ ಜನರು ಮಣ್ಣು, ನೀರು, ಮರಗಿಡಗಳೊಡನೆ ಹೇಗೆ ಬಾಳಿದರೆಂಬುದನ್ನೂ ಇತಿಹಾಸಕಾರನು ಪರಿಶೀಲಿಸಬೇಕಾಗುತ್ತದೆ. ಪೂರ್ವ ಏಷ್ಯದಲ್ಲಿ ಸಾವಿರ ವರ್ಷಗಳಿಗೂ ಮೀರಿ ಬೆಳೆದುಬಂದಿರುವ ಕುಬ್ಜವೃಕ್ಷಗಳ ಕಲೆ, ಎಂದರೆ ಇಂದು ಲೋಕವೆಲ್ಲ ಬೋನ್ಸಾಯ್ ಎಂದು ಕರೆಯುವ ವಿದ್ಯೆ, ಇಂಥ ಪರಿಶೀಲನೆಗೆ ಯೋಗ್ಯವಾದ ವಸ್ತು. ಇದನ್ನು ಕುರಿತು ಎರಡು ಅಭಿಪ್ರಾಯಗಳು ಪ್ರಚಾರದಲ್ಲಿವೆ. ಇದು ಪ್ರಕೃತಿಯ ಆರಾಧನೆಯೆಂದು ಕೆಲವರು ಹೇಳುತ್ತಾರೆ; ಮುಗಿಲಿಗೆ ಬೆಳೆಯಬೇಕಾದ ಮರವನ್ನು ಕಟ್ಟಿ ಕುಗ್ಗಿಸುವ ಹಿಂಸೆಯೆಂದು ಮತ್ತೆ ಕೆಲವರು ಆಕ್ಷೇಪಿಸುತ್ತಾರೆ. ಈ ವಿವಾದವನ್ನು ಹೂಡಿದವರು ಆಧುನಿಕರೆಂದು ಭಾವಿಸುವುದುಂಟು. ವಾಸ್ತವವಾಗಿ ಅದು ಆರುನೂರು ವರ್ಷಗಳಿಗೂ ಹಳೆಯದು. ಆ ಕಲೆಯ ತವರಿನಲ್ಲಿಯೇ ಹುಟ್ಟಿದ್ದು. ಅದರ ಗತಿಯನ್ನು ಗುರುತಿಸಿ, ಅದರಿಂದ ನಾವು ಯಾವ ನಿರ್ಣಯಕ್ಕೆ ಬರಬಹುದೆಂಬುದನ್ನು ಸೂಚಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ಈ ಕಲೆಯ ಉಗಮವನ್ನು ಸಂಕ್ಷೇಪವಾಗಿ ನೋಡೋಣ. ಚೀನದ ಟಾಂಗ್ ವಂಶದ ರಾಜಕುಮಾರ ಜಾಂಗ್‌ಹ್ವಾಯ್‌ನ ಸಮಾಧಿ ಕ್ರಿ. ಶ. ೭೦೬ಕ್ಕೆ ಸೇರಿದ್ದು. ೧೯೭೦ರ ದಶಕದ ಆರಂಭದಲ್ಲಿ ಅದನ್ನು ಉತ್ಖನನ ಮಾಡಿದಾಗ, ಅದರ ಗೋಡೆಯ ಚಿತ್ರಗಳಲ್ಲಿ ಪುಟ್ಟ ಕಲ್ಲುಗಳೂ ಸಣ್ಣ ಗಿಡಗಳೂ ಇರುವ ಹರಿವಾಣವೊಂದನ್ನು ಹಿಡಿದುನಿಂತ ಪರಿಚಾರಕರ ರೂಪ ಕಂಡುಬಂದಿತು. ಬೆಟ್ಟ, ಬಂಡೆ, ಮರಗಳ ನೋಟವನ್ನು ಪಾತ್ರೆಯೊಂದರಲ್ಲಿ ಅಡಕಗೊಳಿಸುವ ಈ ವಿದ್ಯೆಗೆ ಚೀನೀಯರು ಪೆನ್‌ಜಿಂಗ್ ಎಂದು ಹೆಸರಿಟ್ಟರು. ಚೀನದೊಡನೆ ಬೌದ್ಧಭಿಕ್ಷುಗಳ ಹಾಗೂ ರಾಯಭಾರಿಗಳ ಸಂಪರ್ಕವಿದ್ದ ಜಪಾನಿಗೆ ಇದು ಹರಿದುಬಂದಿತು. ಕ್ರಿ. ಶ. ೧೩೦೯ರಲ್ಲಿ ನಾರಾ ನಗರದ ಕಾಸುಗಾ ದೇವಾಲಯಕ್ಕಾಗಿ ರಚಿತವಾದ ಚಿತ್ರಸುರುಳಿಯಲ್ಲಿ ಪಾತ್ರೆಯಲ್ಲಿ ನೆಟ್ಟ ಪುಟ್ಟ ಮರಗಳ ಚಿತ್ರವಿದೆ. ಆದುದರಿಂದ ಹದಿನಾಲ್ಕನೆಯ ಶತಮಾನದ ಆರಂಭದ ವೇಳೆಗೆ ಜಪಾನಿನ ಶ್ರೀಮಂತರ ಮನೆಗಳಲ್ಲಿ ಇದು ರೂಢವಾಗಿತ್ತೆನ್ನಲು ಅಡ್ಡಿಯಿಲ್ಲ. ಬಹುಕಾಲ ಇದಕ್ಕೆ ‘ಹಾಚಿ ನೋ ಕಿ’, ಎಂದರೆ ಕುಂಡದ ಮರ, ಎಂಬ ಹೆಸರೇ ಬಳಕೆಯಲ್ಲಿತ್ತು. ಹರಿವಾಣದಂಥ ಪಾತ್ರೆಯಲ್ಲಿ ನೆಡುವಿಕೆ ಎಂಬರ್ಥದ ಬೋನ್ಸಾಯ್ ಪದವು ಸರ್ವಸಾಮಾನ್ಯವಾದುದು ಮೇಜಿ ಯುಗದಲ್ಲಿ (೧೮೬೮–೧೯೧೨).

ಆಕ್ಷೇಪದ ಮೊದಲ ಧ್ವನಿಯನ್ನು ನಾವು ಯೋಶಿದಾ ಕೆಂಕೋ ಎಂಬ ಭಿಕ್ಷುವಿನ ‘ತ್ಸುರೆಜುರೆಗುಸಾ’ ಎಂಬ ಗ್ರಂಥದಲ್ಲಿ ಕೇಳುತ್ತೇವೆ. ಇದರ ಕಾಲ ಸುಮಾರು ಕ್ರಿ. ಶ. ೧೩೩೦. ಹೀನೋ ಸುಕೆತೊಮೊ ಎಂಬ ಆಸ್ಥಾನಿಕನು ಒಮ್ಮೆ ಮಳೆಯಿಂದ ತಪ್ಪಿಸಿಕೊಳ್ಳಲು ಕ್ಯೋಟೋ ನಗರದ ತೋಜಿ ದೇವಾಲಯದ ಬಾಗಿಲಲ್ಲಿ ನಿಂತನು. ಅಲ್ಲಿ ಕೈಕಾಲು ತಿರುಚಿಹೋದ ಅಂಗವಿಕಲರು ನೆರೆದಿದ್ದರು. ಒಬ್ಬೊಬ್ಬರ ವಿಕಾರವೂ ಒಂದೊಂದು ಬಗೆಯಾಗಿರುವುದನ್ನು ಆತನು ಮೊದಲು ಕುತೂಹಲದಿಂದ ನೋಡಿದನು. ಸ್ವಲ್ಪ ಹೊತ್ತಿನಲ್ಲಿ ಆ ಕುತೂಹಲ ಬತ್ತಿ ಮನಸ್ಸಿಗೆ ಅಸಹ್ಯವಾಯಿತು. ಸಹಜವಾದ, ಸಾಮಾನ್ಯವಾದ ರೂಪವೇ ಮೇಲೆಂದು ತೋರಿತು. ಮನೆಗೆ ಹಿಂದಿರುಗಿದಾಗ, ತಾನು ಅಕ್ಕರೆಯಿಂದ ಸಂಗ್ರಹಿಸಿದ್ದ ಡೊಂಕು ಮರಗಳೂ ಅದೇ ವಿಕಾರವಾಗಿ ಕಂಡುವು. ಅವನ್ನೆಲ್ಲ ಕುಂಡಗಳಿಂದ ಕೀಳಿಸಿ ಎಸೆಯಿಸಿಬಿಟ್ಟನು. ಈ ಪ್ರಸಂಗದಲ್ಲಿ ಆ ದೀನಜನರನ್ನು ಕುರಿತು ಕರುಣೆಯ ಮಾತಿಲ್ಲದಿರುವುದು ಇಂದಿನ ಓದುಗರಿಗೆ ನೋವುಂಟುಮಾಡುವಂತಹುದೇ. ಆದರೂ ವಿಕಾರವನ್ನೇ ಸೊಬಗೆಂದು ಮೆಚ್ಚುವ ಅಭಿರುಚಿಗೆ ಬಿದ್ದ ಪೆಟ್ಟು ಸ್ಪಷ್ಟವಾಗಿದೆ.

ಎರಡನೆಯ ಆಕ್ಷೇಪ ಐದು ಶತಮಾನಗಳ ಅನಂತರ ಚೀನದಿಂದ ಬಂದುದು. ಗೊಂಗ್ ಜೀಜೆನ್ (೧೭೯೨–೧೮೪೧) ಎಂಬ ವಿದ್ವಾಂಸನು ೧೮೩೯ರಲ್ಲಿ, ರಾಜಧಾನಿಯ ಅಧಿಕಾರವನ್ನು ತೊರೆದು ಬಂದ ಕಾಲದಲ್ಲಿ, ‘ರೋಗಿ ಪ್ಲಮ್ ಮರಗಳ ಆಲಯ’ವನ್ನು ಕುರಿತು ಚಿಕ್ಕ ಪ್ರಬಂಧವೊಂದನ್ನು ಬರೆದನು. ಡೊಂಕಾದುದೇ ಚೆಲುವು, ನೆಟ್ಟಗಿರುವುದು ನೀರಸ ಎಂದು ರಸಿಕರು ಬಗೆದುದರಿಂದ, ಮಾರಾಟಗಾರರು ನೇರವಾದ ಕೊಂಬೆಗಳನ್ನು ಕತ್ತರಿಸಿ, ಎಳೆಯ ರೆಂಬೆಗಳನ್ನು ಕೊಂದು, ಹಗ್ಗಗಳಿಂದ ಬಿಗಿದು ಮರಗಳನ್ನು ರೋಗಿಗಳಾಗಿಸಿದರೆಂಬುದು ಅವನ ದೂರು. ಆತನು ಮುನ್ನೂರು ಕುಂಡಗಳನ್ನು ಕೊಂಡು, ಮೂರು ದಿನ ಅತ್ತು, ಕುಂಡಗಳನ್ನೊಡೆದು, ಮರಗಳನ್ನು ನೆಲದಲ್ಲಿ ನೆಟ್ಟು, ಕಟ್ಟುಗಳನ್ನು ಬಿಚ್ಚಿ, ಐದು ವರ್ಷಗಳೊಳಗೆ ಅವನ್ನು ಗುಣಪಡಿಸುವೆನೆಂದು ಸಂಕಲ್ಪಿಸಿದನೆಂದು ಹೇಳಿಕೊಂಡಿದ್ದಾನೆ. ವಿದ್ಯಾರ್ಥಿಗಳು ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಆ ಪ್ರಬಂಧ ಅನ್ಯೋಕ್ತಿ. ಚಿಂಗ್ ಪ್ರಭುತ್ವವು ಪ್ರತಿಭಾವಂತರನ್ನು ತನ್ನ ಅಚ್ಚಿಗೆ ಬಗ್ಗಿಸಿ ಕುಗ್ಗಿಸುತ್ತಿತ್ತೆಂಬ ವ್ಯಥೆಯೇ ಅದರ ಒಳದನಿ. ಮರಕ್ಕಾದ ಹಿಂಸೆ ಮನುಷ್ಯನಿಗಾದ ಹಿಂಸೆಗೆ ಉಪಮಾನವಾಗಬಲ್ಲದೆಂದರೆ, ಮರಕ್ಕೂ ಹಿಂಸೆಯುಂಟೆಂಬುದನ್ನು ಲೇಖಕನು ಮೊದಲೇ ಒಪ್ಪಿದ್ದಾನೆಂದೇ ಅರ್ಥ.

ಈ ಎರಡು ಆಕ್ಷೇಪಗಳಿಗೆ ಕಲೆಯ ಕಡೆಯಿಂದ ಉತ್ತರವೇನು? ‘ಹಾಚಿ ನೋ ಕಿ’ ಎಂಬ ಹೆಸರಿನ ನೋ ನಾಟಕವನ್ನು ಇಲ್ಲಿ ಸ್ಮರಿಸಬಹುದು. ಹಿಮಪಾತದ ರಾತ್ರಿಯಲ್ಲಿ ಆಶ್ರಯ ಬೇಡಿ ಬಂದ ಭಿಕ್ಷುವನ್ನು ಬೆಚ್ಚಗಿರಿಸಲು, ಭೂಮಿಕಾಣಿ ಕಳೆದುಕೊಂಡ ಯೋಧ ಸಾನೋ ಗೆಂಜ಼ಾಯೆಮೊನ್ ತನ್ನಲ್ಲಿ ಉಳಿದಿದ್ದ ಮೂರು ಕುಂಡದ ಮರಗಳನ್ನು, ಎಂದರೆ ಪ್ಲಮ್, ಚೆರಿ, ಪೈನ್‌ಗಳನ್ನು, ಕಡಿದು ಒಲೆಗೆ ಹಾಕುತ್ತಾನೆ. ಭಿಕ್ಷುವೇಷದಲ್ಲಿದ್ದಾತನು ಹಿಂದೆ ರಾಜ್ಯಭಾರ ನಡೆಸಿದ್ದ ಹೋಜೋ ತೊಕಿಯೊರಿ. ಆತನು ಮುಂದೆ ಯೋಧನ ಭೂಮಿಯನ್ನು ಹಿಂದಿರುಗಿಸಿ, ಆ ಮೂರು ಮರಗಳ ಹೆಸರುಳ್ಳ ಮೂರು ಗ್ರಾಮಗಳನ್ನೂ ಉಂಬಳಿಯಾಗಿ ಕೊಡುತ್ತಾನೆ. ಕಥೆ ಐತಿಹಾಸಿಕವೆಂದು ನಾವು ವಾದಿಸುವುದಿಲ್ಲ. ಆದರೆ ಬಡವನಾದ ಯೋಧನು ಎಲ್ಲವನ್ನೂ ಕಳೆದುಕೊಂಡ ಮೇಲೂ ಬಿಡದೆ ಸಾಕಿದ ಮರಗಳು ಆಟದ ವಸ್ತುಗಳಲ್ಲ, ಮನೆಯ ಜೀವಗಳು. ಹಾಗಿರುವುದರಿಂದಲೇ ಅವನ್ನು ಸುಡುವುದು ತ್ಯಾಗವೆನಿಸಿತು. ಸುಕೆತೊಮೊ ಬೇಸರದಿಂದ ಎಸೆದ ಮರಕ್ಕೂ ಸಾನೋ ನೋವಿನಿಂದ ಕಡಿದ ಮರಕ್ಕೂ ಇರುವ ಅಂತರವೇ ಈ ವಿವಾದದ ಕೀಲಿಕೈ ಎಂದು ನಮಗೆ ತೋರುತ್ತದೆ.

ಸಾಧನೆಯ ಕ್ರಮವನ್ನು ಪರಿಶೀಲಿಸಿದರೆ ಈ ಅಂತರ ಇನ್ನೂ ವಿಶದವಾಗುತ್ತದೆ. ನಮ್ಮಲ್ಲಿ ಇವನ್ನು ವಾಮನವೃಕ್ಷಗಳೆನ್ನುವುದುಂಟು. ಆ ಹೆಸರು ಸುಂದರವಾದರೂ ಅದರಿಂದ ಭ್ರಾಂತಿಗೆ ಎಡೆಯಿದೆ. ಇವು ಹುಟ್ಟಿನಿಂದ ಕುಬ್ಜವಾದ ಜಾತಿಗಳಲ್ಲ. ಇವುಗಳ ಬೀಜವನ್ನು ನೆಲದಲ್ಲಿ ಬಿತ್ತಿದರೆ ಎಲ್ಲ ಮರಗಳಂತೆಯೇ ಎತ್ತರವಾಗಿ ಬೆಳೆಯುತ್ತವೆ. ಆಹಾರ ಕೊಡದೆ ಬಡಕಲಾಗಿಸುವುದರಿಂದ ಮರ ಚಿಕ್ಕದಾಗುವುದೆಂಬ ನಂಬಿಕೆಯೂ ಸರಿಯಲ್ಲ. ಹಾಗೆ ಮಾಡಿದರೆ ಅದು ಸಾಯುತ್ತದೆ. ಕುಡಿಗಳನ್ನು ಕಾಲಕಾಲಕ್ಕೆ ಚಿವುಟುವುದು, ಎಳೆಯ ಮರವನ್ನು ಎರಡು ಮೂರು ವರ್ಷಗಳಿಗೊಮ್ಮೆ ಕುಂಡದಿಂದ ತೆಗೆದು ಬೇರುಗಳನ್ನು ಸವರಿ ಹೊಸ ಮಣ್ಣಿನಲ್ಲಿ ಕೂರಿಸುವುದು, ಬೇಸಗೆಯಲ್ಲಿ ದಿನವೂ ತಪ್ಪದೆ ನೀರೆರೆಯುವುದು, ಇವೇ ಅದರ ಉಪಾಯಗಳು. ರೂಪಗಳ ವರ್ಗೀಕರಣವೂ ಪ್ರಕೃತಿಯಿಂದಲೇ ಬಂದುದು. ಬಯಲಿನಲ್ಲಿ ನೇರವಾಗಿ ನಿಂತ ಮರ ‘ಚೊಕ್ಕಾನ್’. ಕಮರಿಯ ಅಂಚಿನಿಂದ ಕೆಳಕ್ಕೆ ಇಳಿಬಿದ್ದ ಮರ ‘ಕೆಂಗಾಯ್’. ಕಡಲ ಗಾಳಿಗೆ ಒಂದೇ ಕಡೆಗೆ ವಾಲಿದ ಮರ ‘ಫುಕಿನಾಗಾಶಿ’. ಬೆಳೆಸುವವನು ಬೆಟ್ಟಕ್ಕೆ ಹೋಗಿ, ಮರವು ಹಿಮವನ್ನೂ ಗಾಳಿಯನ್ನೂ ಹೇಗೆ ತಡೆದು ನಿಂತಿದೆಯೆಂದು ನೋಡಿ ಕಲಿಯಬೇಕು. ದಕ್ಷಿಣ ಚೀನದ ಲಿಂಗ್‌ನಾನ್ ಸಂಪ್ರದಾಯದವರು ಕಟ್ಟುವ ಉಪಾಯಕ್ಕಿಂತ, ಬೆಳೆಯಲು ಬಿಟ್ಟು ಕತ್ತರಿಸುವ ಉಪಾಯವನ್ನೇ ಮುಖ್ಯವಾಗಿ ಆಶ್ರಯಿಸಿದರು. ಗೊಂಗ್ ಜೀಜೆನ್‌ನ ಅಳಲಿಗೆ ಇದನ್ನು ನೇರ ಉತ್ತರವೆನ್ನಲಾಗದಿದ್ದರೂ, ಬೇರೆ ದಾರಿಯುಂಟೆಂಬುದಕ್ಕೆ ಇದು ಸಾಕ್ಷಿ.

ಆದರೆ ಆದರ್ಶದಂತೆಯೇ ಆಚರಣೆ ನಡೆಯಿತೆಂದು ಹೇಳಿದರೆ ಇತಿಹಾಸಕ್ಕೆ ಅಪಚಾರವಾದೀತು. ಬೆಟ್ಟದಿಂದ ಅಗೆದು ತಂದ ಹಳೆಯ ಮರಗಳಿಗೆ ‘ಯಮದೊರಿ’ ಎಂದು ಹೆಸರು. ಪ್ರಕೃತಿಯೇ ನೂರಾರು ವರ್ಷ ತಿದ್ದಿದ ಈ ಮರಗಳಿಗೆ ಮಾರುಕಟ್ಟೆಯಲ್ಲಿ ಬೆಲೆ ಏರಿದಂತೆ, ಶಿಕೊಕು ದ್ವೀಪದ ಇಶಿಜುಚಿ ಬೆಟ್ಟದಲ್ಲಿಯೂ ಇತೊಯಿಗಾವಾ ಪ್ರದೇಶದ ಕಡಿದಾದ ಬಂಡೆಗಳಲ್ಲಿಯೂ ಬೆಳೆದಿದ್ದ ಶಿಂಪಾಕು ಜೂನಿಪರ್ ಮರಗಳನ್ನು ಹಗ್ಗ ಕಟ್ಟಿ ಇಳಿದು ಕಿತ್ತರು. ಇಪ್ಪತ್ತನೆಯ ಶತಮಾನದಲ್ಲಿ ಅಲ್ಲಿ ಅವು ವಿರಳವಾದುವು. ಪ್ರಕೃತಿಪ್ರೇಮದ ಹೆಸರಿನಲ್ಲಿಯೇ ಪ್ರಕೃತಿ ಬರಿದಾದ ಈ ಪ್ರಸಂಗ, ಕುಂಡದೊಳಗಣ ಹಿಂಸೆಗಿಂತ ಗುರುತರವಾದ ಆಕ್ಷೇಪವೆಂದು ನಾವು ಭಾವಿಸುತ್ತೇವೆ. ಪ್ರಾಚೀನ ಟೀಕಾಕಾರರು ಇದನ್ನು ಮುಂಗಾಣಲಿಲ್ಲ.

ಇದಕ್ಕೆ ಪರಿಹಾರವೂ ಅದೇ ನಾಡಿನಲ್ಲಿ ದೊರೆಯಿತು. ಕಾಗಾವಾ ಪ್ರಾಂತದ ಕಿನಾಶಿ ಎಂಬಲ್ಲಿ ರೈತರು ಮೊದಲು ಒಳಗಡಲಿನ ತೀರದಿಂದ ಪೈನ್ ಗಿಡಗಳನ್ನು ತಂದರೂ, ಕ್ರಮೇಣ ಅವನ್ನು ಹೊಲಗಳಲ್ಲಿಯೇ ಬೆಳೆಸತೊಡಗಿದರು. ಸುಮಾರು ಎರಡು ನೂರು ವರ್ಷಗಳ ಪರಂಪರೆಯ ಈ ಊರು ಇಂದು ಜಪಾನಿನ ಪೈನ್ ಬೋನ್ಸಾಯ್‌ಗಳ ಬಹುಪಾಲನ್ನು ಒದಗಿಸುತ್ತದೆ. ಶಿಂಪಾಕು ಜಾತಿಯನ್ನೂ ಕಡ್ಡಿ ನೆಟ್ಟು ವೃದ್ಧಿಪಡಿಸುವುದು ರೂಢಿಗೆ ಬಂದಿತು. ಇನ್ನೊಂದು ಉದಾಹರಣೆ ಓಮಿಯಾದ್ದು. ೧೯೨೩ರ ಸೆಪ್ಟೆಂಬರ್ ೧ರ ಭೂಕಂಪದಿಂದ ಟೋಕಿಯೊ ನಗರ ಹಾಳಾದ ಮೇಲೆ, ಅಲ್ಲಿನ ಬೋನ್ಸಾಯ್ ಬೆಳೆಗಾರರು ಒಳ್ಳೆಯ ನೀರು, ಮಣ್ಣು, ಗಾಳಿಗಳನ್ನು ಅರಸಿ ೧೯೨೫ರಲ್ಲಿ ಸೈತಾಮಾ ಪ್ರಾಂತದ ಓಮಿಯಾದಲ್ಲಿ ಹೊಸ ಗ್ರಾಮವನ್ನು ಕಟ್ಟಿಕೊಂಡರು. ನಿವಾಸಿಗಳು ಕನಿಷ್ಠ ೧೦ ಬೋನ್ಸಾಯ್ ಮರಗಳನ್ನು ಸಾಕಬೇಕು, ನೋಡಬಂದವರಿಗೆ ಬಾಗಿಲು ತೆರೆದಿರಬೇಕು, ಎರಡಂತಸ್ತಿನ ಮನೆ ಕಟ್ಟಬಾರದು, ಗೋಡೆಯ ಬದಲು ಬೇಲಿಗಿಡಗಳಿರಬೇಕು ಎಂಬ ನಿಯಮಗಳನ್ನು ವಿಧಿಸಿಕೊಂಡರು. ಮರಕ್ಕಾಗಿ ಊರು ತನ್ನನ್ನು ತಿದ್ದಿಕೊಂಡ ಇಂಥ ನಿದರ್ಶನ ಅಪೂರ್ವವಾದುದು.

ಕಾಲದ ಪ್ರಶ್ನೆಯೊಂದು ಉಳಿದಿದೆ. ಹಿರೋಶಿಮಾದ ಯಮಾಕಿ ಮನೆತನದ ಬಿಳಿಯ ಪೈನ್ ಮರವೊಂದನ್ನು ೧೬೨೫ರಿಂದ ಸಾಕುತ್ತ ಬಂದಿದ್ದರು. ೧೯೪೫ರ ಆಗಸ್ಟ್ ೬ರಂದು ಬಾಂಬು ಬಿದ್ದ ಸ್ಥಳಕ್ಕೆ ಸುಮಾರು ಮೂರು ಕಿಲೋಮೀಟರು ದೂರದಲ್ಲಿದ್ದ ಆ ಮರ ಗೋಡೆಯ ಮರೆಯಲ್ಲಿ ಬದುಕಿ ಉಳಿಯಿತು. ೧೯೭೬ರಲ್ಲಿ ಮಸಾರು ಯಮಾಕಿಯವರು ಅದನ್ನು ಅಮೆರಿಕೆಗೆ, ಎಂದರೆ ಬಾಂಬು ಹಾಕಿದ ದೇಶಕ್ಕೇ, ಕಾಣಿಕೆಯಾಗಿ ಕೊಟ್ಟರು. ಅದರ ಪೂರ್ವವೃತ್ತಾಂತ ವಾಷಿಂಗ್ಟನ್ನಿನ ರಾಷ್ಟ್ರೀಯ ವೃಕ್ಷೋದ್ಯಾನದವರಿಗೆ ತಿಳಿದದ್ದು ೨೦೦೧ರಲ್ಲಿ, ಅವರ ಮೊಮ್ಮಕ್ಕಳು ಭೇಟಿಯಿತ್ತಾಗ. ತಲೆಮಾರಿನಿಂದ ತಲೆಮಾರಿಗೆ ಸಾಗುವ ಇಂಥ ಮರಕ್ಕೆ ಒಡೆಯನೆಂಬವನಿಲ್ಲ. ಪಾಲಕರು ಮಾತ್ರ ಉಂಟು. ಒಂದು ದಿನ ನೀರು ತಪ್ಪಿದರೂ ನಾಲ್ಕು ನೂರು ವರ್ಷಗಳ ಶ್ರಮ ಒಣಗೀತೆಂಬ ಅರಿವೇ ಈ ಕಲೆ ಕಲಿಸುವ ಧರ್ಮ.

ಮೇಲಿನ ವಿವೇಚನೆಯಿಂದ ನಾವು ಈ ನಿರ್ಣಯಕ್ಕೆ ಬರಬಹುದು. ಮನುಷ್ಯನ ಕೈ ಮರವನ್ನು ಮುಟ್ಟಿತೆಂಬುದೇ ದೋಷವಲ್ಲ. ಉಳುಮೆಯೂ ತೋಟಗಾರಿಕೆಯೂ ಹಾಗೆ ಮುಟ್ಟಿದ ಕೈಯ ಕೆಲಸಗಳೇ. ಮರ ಎಲ್ಲಿಂದ ಬಂದಿತು, ಯಾವ ಮಾದರಿಯನ್ನು ಅನುಸರಿಸಿ ಬೆಳೆಯಿತು, ಸಾಕಿದವನು ಅಳಿದ ಮೇಲೆ ಅದನ್ನು ನೋಡಿಕೊಳ್ಳುವವರು ಯಾರು, ಈ ಮೂರು ಪ್ರಶ್ನೆಗಳಿಗೆ ದೊರೆಯುವ ಉತ್ತರದ ಮೇಲೆ ಗುಣದೋಷ ನಿರ್ಣಯವಾಗಬೇಕು. ಬೆಂಗಳೂರಿನ ಲಾಲ್‌ಬಾಗಿನಲ್ಲಿಯೂ ಬೋನ್ಸಾಯ್ ತೋಟವುಂಟು. ನಮ್ಮ ನಗರಗಳಲ್ಲಿ ಈ ಹವ್ಯಾಸ ಹರಡುತ್ತಿರುವುದನ್ನು ಕಾಣುತ್ತೇವೆ. ಚಳಿನಾಡಿನ ಪೈನ್ ಮರವನ್ನು ತಂದು ನಮ್ಮ ಬಿಸಿಲಿನಲ್ಲಿ ನರಳಿಸುವುದಕ್ಕಿಂತ, ಹಳೆಯ ಗೋಡೆಯ ಬಿರುಕಿನಲ್ಲಿಯೂ ಬಾವಿಯ ಕಟ್ಟೆಯಲ್ಲಿಯೂ ತಾನಾಗಿ ಮೊಳೆತು ಹೇಗೂ ಕೀಳಬೇಕಾಗಿರುವ ಆಲ, ಅರಳಿಗಳ ಸಸಿಗೆ ಕುಂಡದಲ್ಲಿ ನೆಲೆ ಕೊಡುವುದು ಈ ಕಲೆಯ ಅಂತರಂಗಕ್ಕೆ ಹೆಚ್ಚು ಹತ್ತಿರವಾದುದು. ಅದರಿಂದ ಯಾವ ಕಾಡೂ ಬರಿದಾಗುವುದಿಲ್ಲ; ಒಂದು ಜೀವವೂ ಉಳಿಯುತ್ತದೆ.