ಕಪ್ಪು ಬೀರು, ಹೊಂಬಣ್ಣದ ಬೀರು

ಬೀರಿನ ರಸಿಕರು ಇಬ್ಬರು ಒಂದು ಮೇಜಿಗೆ ಕುಳಿತರೆಂದರೆ ಮಾತು ಎಲ್ಲಿಗೆ ಹೋಗಿ ಮುಟ್ಟುವುದೆಂದು ಮೊದಲೇ ಹೇಳಬಹುದು. ಒಬ್ಬರು ಐರ್ಲೆಂಡಿನ ಕಪ್ಪು ಸ್ಟೌಟಿನ ಪಕ್ಷ. ಅದರ ಕೆನೆಯಂಥ ನೊರೆ, ಹುರಿದ ಕಾಳಿನ ಘಮ, ನಾಲಗೆಯ ಹಿಂಬದಿಯಲ್ಲಿ ನಿಲ್ಲುವ ಕಹಿ, ಇವೆಲ್ಲ ಇನ್ನೂರೈವತ್ತು ವರ್ಷಗಳಿಂದ ಹಾಗೆಯೇ ನಡೆದುಬಂದಿವೆ ಎನ್ನುತ್ತಾರೆ. ಇನ್ನೊಬ್ಬರದು ಲಾಗರಿನ ಪಕ್ಷ. ಬೀರೆಂದರೆ ಹೊಂಬಣ್ಣವಾಗಿ, ತಿಳಿಯಾಗಿ, ತಣ್ಣಗಿರಬೇಕು. ಮಿಕ್ಕದ್ದೆಲ್ಲ ಕಷಾಯ ಎಂಬುದು ಅವರ ವಾದ. ಈಚೆಗೆ ಮೂರನೆಯ ಪಂಗಡವೊಂದು ಎದ್ದಿದೆ. ದೊಡ್ಡ ಕಾರ್ಖಾನೆಯ ಹೆಸರು ಕಿವಿಗೆ ಬಿದ್ದರೇ ಇವರ ಮುಖ ಹುಳ್ಳಗಾಗುತ್ತದೆ. ಸಣ್ಣ ಬೀರುಮನೆಯಲ್ಲಿ ನಾಲ್ಕು ಕೊಪ್ಪರಿಗೆ ಕಾಯಿಸಿ, ಎದುರಿಗೇ ಬಗ್ಗಿಸಿ ಕೊಡುವ 'ಕ್ರಾಫ್ಟ್' ಬೀರೇ ನಿಜವಾದ ಹಳೆಯ ಬೀರು ಎಂದು ಅವರ ನಂಬಿಕೆ. ಕಾಫಿಗೆ ಚಿಕೋರಿ ಬೆರೆಸಬೇಕೆ, ಬಾರದೆ ಎಂಬ ವಿಷಯದಲ್ಲಿ ನಮ್ಮ ಮನೆಗಳಲ್ಲಿ ನಡೆಯುವ ವ್ಯಾಜ್ಯವನ್ನು ಕೇಳಿದವರಿಗೆ ಈ ಧಾಟಿ ಹೊಸದಲ್ಲ.

ಮೂವರೂ ಪರಂಪರೆಯನ್ನೇ ಸಾಕ್ಷಿಗೆ ಕರೆಯುತ್ತಾರೆ. ಕರೆದ ಮೇಲೆ ಚರಿತ್ರೆ ಏನು ನುಡಿಯುತ್ತದೆಂಬುದನ್ನು ಕೇಳಲೇಬೇಕಷ್ಟೆ. ಕೇಳಿದರೆ ಅದು ಯಾರ ಪರವಾಗಿಯೂ ಪೂರ್ತಿ ನುಡಿಯುವುದಿಲ್ಲ. ಬೀರಿನ ರುಚಿಯನ್ನು ತೀರ್ಮಾನಿಸಿದವರಲ್ಲಿ ರಸಿಕರಿಗಿಂತ ಸುಂಕದ ಅಧಿಕಾರಿಗಳೂ ಯಂತ್ರದ ಕಮ್ಮಾರರೂ ಸೂಕ್ಷ್ಮದರ್ಶಕದ ಪಂಡಿತರೂ ಹೆಚ್ಚು.

ಬೀರಿನ ಮೂಲಸಾಮಗ್ರಿ ಬಲು ಸರಳ. ಜವೆಗೋಧಿಯನ್ನು ನೆನೆಸಿ, ಮೊಳಕೆ ಬರಿಸಿ, ಒಲೆಯ ಶಾಖದಲ್ಲಿ ಒಣಗಿಸಿದರೆ ಮಾಲ್ಟು. ನಮ್ಮ ರಾಗಿ ಮಾಲ್ಟಿಗೂ ಇದೇ ಕ್ರಮವೇ. ಮಾಲ್ಟನ್ನು ಬಿಸಿನೀರಿನಲ್ಲಿ ಕದಡಿದರೆ ಸಿಹಿಯಾದ ಗಂಜಿನೀರು ಬರುತ್ತದೆ. ಅದಕ್ಕೆ ಹಾಪ್ಸ್ ಎಂಬ ಬಳ್ಳಿಯ ಕಹಿ ಹೂವನ್ನು ಹಾಕಿ ಕುದಿಸಿ, ಆರಿಸಿ, ಯೀಸ್ಟ್ ಎಂಬ ಹುದುಗನ್ನು ಬೆರೆಸಬೇಕು. ಬೀರಿನ ಬಣ್ಣವೆಲ್ಲ ಒಣಗಿಸುವ ಒಲೆಯಲ್ಲಿದೆ, ಸ್ವಭಾವವೆಲ್ಲ ಹುದುಗಿನಲ್ಲಿದೆ. ಮುಂದಿನ ಕಥೆಯಷ್ಟೂ ಈ ಎರಡರದೇ.

ಮೊದಲು ಕಪ್ಪು ಬೀರು. ಇದು ಐರ್ಲೆಂಡಿನಲ್ಲಿ ಹುಟ್ಟಿದ್ದಲ್ಲ, ಲಂಡನ್ನಿನಲ್ಲಿ. ಹದಿನೆಂಟನೆಯ ಶತಮಾನದ ಆರಂಭದಲ್ಲಿ, ಸೌದೆಯ ಉರಿಯಲ್ಲಿ ಕಂದುಬಣ್ಣಕ್ಕೆ ತಿರುಗಿದ ಅಗ್ಗದ ಮಾಲ್ಟಿನಿಂದ ಅಲ್ಲಿಯ ಭಟ್ಟಿಯವರು ಒಂದು ಗಟ್ಟಿ ಬೀರನ್ನು ಕಾಯಿಸಿ, ತಿಂಗಳುಗಟ್ಟಲೆ ಹಳಸಲು ಬಿಟ್ಟು ಮಾರತೊಡಗಿದರು. ಹೊರೆ ಹೊರುವ ಕೂಲಿಗಳಾದ ಪೋರ್ಟರುಗಳು ಅದನ್ನು ಮೆಚ್ಚಿದ್ದರಿಂದ ಅದಕ್ಕೂ ಪೋರ್ಟರ್ ಎಂದೇ ಹೆಸರಾಯಿತು. ೧೭೨೨ರಲ್ಲಿ ಹಾರ್ವುಡ್ ಎಂಬವನೊಬ್ಬ ಒಂದೇ ದಿನ ಇದನ್ನು ಕಂಡುಹಿಡಿದನೆಂಬ ಕಥೆ ಪುಸ್ತಕದಿಂದ ಪುಸ್ತಕಕ್ಕೆ ಹರಿದು ಬಂದಿದೆ. ಇತಿಹಾಸಕಾರರು ಈಗ ಅದನ್ನು ಒಪ್ಪುವುದಿಲ್ಲ. ಸ್ಟೌಟ್ ಎಂಬುದಂತೂ ಆಗ ಬೇರೆ ಬೀರಿನ ಹೆಸರೇ ಅಲ್ಲ. 'ಬಲವಾದದ್ದು' ಎಂಬ ವಿಶೇಷಣ ಮಾತ್ರ. ಬಿಳಿಯ ಸ್ಟೌಟೂ ಇತ್ತು! ಬಲವಾದ ಪೋರ್ಟರು 'ಸ್ಟೌಟ್ ಪೋರ್ಟರ್' ಆಗಿ, ಕ್ರಮೇಣ ಪೋರ್ಟರ್ ಉದುರಿಹೋಗಿ ವಿಶೇಷಣವೇ ನಾಮಪದವಾಗಿ ನಿಂತಿತು.

ಪೋರ್ಟರ್ ಹೆಚ್ಚು ದಿನ ಇಟ್ಟಷ್ಟೂ, ಹೆಚ್ಚು ಪ್ರಮಾಣದಲ್ಲಿ ಇಟ್ಟಷ್ಟೂ ಲಾಭ. ಆದ್ದರಿಂದ ಲಂಡನ್ನಿನ ಧನಿಕ ಭಟ್ಟಿಯವರು ಮರದ ಕೊಪ್ಪರಿಗೆಗಳನ್ನು ಮನೆಯಷ್ಟು ಎತ್ತರಕ್ಕೆ ಕಟ್ಟಿಸತೊಡಗಿದರು. ಯಾರ ಕೊಪ್ಪರಿಗೆ ದೊಡ್ಡದೆಂಬ ಪೈಪೋಟಿ ನಡೆಯಿತು. ಅದರ ಫಲ ಕಂಡದ್ದು ೧೮೧೪ರ ಅಕ್ಟೋಬರ್ ೧೭ರ ಸಂಜೆ. ಟಾಟೆನ್‌ಹ್ಯಾಮ್ ಕೋರ್ಟ್ ರಸ್ತೆಯ ಮೂಲೆಯಲ್ಲಿದ್ದ ಹಾರ್ಸ್ ಷೂ ಭಟ್ಟಿಯಲ್ಲಿ ೨೨ ಅಡಿ ಎತ್ತರದ ಒಂದು ಕೊಪ್ಪರಿಗೆಯ ಕಬ್ಬಿಣದ ಪಟ್ಟಿ ಕಳಚಿ ಬಿತ್ತು. ಇಂಥದು ವರ್ಷಕ್ಕೆ ಎರಡು ಮೂರು ಸಾರಿ ಆಗುವುದೇ ಎಂದುಕೊಂಡ ಗುಮಾಸ್ತ, ರಿಪೇರಿಗೆ ಚೀಟಿ ಬರೆದ. ಒಂದು ಗಂಟೆಯೊಳಗಾಗಿ ಕೊಪ್ಪರಿಗೆ ಒಡೆಯಿತು. ಅದರಲ್ಲೇ ಐದು ಲಕ್ಷ ಲೀಟರಿಗೂ ಮೀರಿದ ಪೋರ್ಟರು. ಆ ರಭಸಕ್ಕೆ ಪಕ್ಕದ ಪೀಪಾಯಿಗಳೂ ಒಡೆದು, ಹಿಂದಿನ ಗೋಡೆ ಉರುಳಿ, ಪ್ರವಾಹ ಸೇಂಟ್ ಜೈಲ್ಸ್ ಎಂಬ ಬಡವರ ಕೇರಿಗೆ ನುಗ್ಗಿತು. ಸತ್ತವರು ಎಂಟು ಮಂದಿ, ಎಲ್ಲರೂ ಹೆಂಗಸರು ಮತ್ತು ಮಕ್ಕಳು. ಅವರಲ್ಲಿ ಐವರು ಒಂದು ನೆಲಮಾಳಿಗೆಯಲ್ಲಿ, ಹಿಂದಿನ ದಿನ ತೀರಿಕೊಂಡಿದ್ದ ಎರಡು ವರ್ಷದ ಕೂಸಿನ ಶವವನ್ನು ಕಾಯುತ್ತ ಕುಳಿತಿದ್ದ ಐರಿಷರು. ಜನ ಬೀದಿಯಲ್ಲಿ ಬೀರನ್ನು ಮೊಗೆದು ಕುಡಿದು ಸತ್ತರೆಂದು ಆಮೇಲೆ ಹುಟ್ಟಿದ ಕಥೆಗೆ ಆ ಕಾಲದ ಪತ್ರಿಕೆಗಳಲ್ಲಿ ಆಧಾರವಿಲ್ಲ. ಬಡವರ ಸಾವಿಗೆ ಯಾರೋ ಅಂಟಿಸಿದ ಕುಚೋದ್ಯ ಅದು. ಪಂಚಾಯಿತರ ಮಂಡಳಿ ಇದನ್ನು ಆಕಸ್ಮಿಕವೆಂದು ತೀರ್ಮಾನಿಸಿತು. ಚೆಲ್ಲಿಹೋದ ಬೀರಿಗೆ ಮೊದಲೇ ಕಟ್ಟಿದ್ದ ಸುಂಕ ಸುಮಾರು ೭,೨೫೦ ಪೌಂಡುಗಳನ್ನು ಪಾರ್ಲಿಮೆಂಟು ಭಟ್ಟಿಯ ಮಾಲೀಕರಿಗೆ ಹಿಂದಿರುಗಿಸಿತು. ಸತ್ತವರ ಮನೆಯವರಿಗೆ ಭಟ್ಟಿಯಿಂದ ಪರಿಹಾರವೇನೂ ಸಿಕ್ಕಲಿಲ್ಲ.

ಆ ಪೋರ್ಟರಿನ ಬಣ್ಣ ಇಂದಿನ ಸ್ಟೌಟಿನಷ್ಟು ಕಪ್ಪಲ್ಲ, ಕಂದು. ಅದನ್ನು ಕಪ್ಪು ಮಾಡಿದ್ದು ಒಂದು ಗಾಜಿನ ಕಡ್ಡಿ. ಹಾಲಿಗೆ ನೀರು ಬೆರೆತದ್ದನ್ನು ಹಿಡಿಯುವ ಲ್ಯಾಕ್ಟೋಮೀಟರಿಗೆ ಜ್ಞಾತಿಯಾದ ಹೈಡ್ರೋಮೀಟರು ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಭಟ್ಟಿಗೆ ಬಂತು. ಅಳೆದು ನೋಡಿದರೆ, ಅಗ್ಗವೆಂದುಕೊಂಡಿದ್ದ ಕಂದು ಮಾಲ್ಟಿನಲ್ಲಿ ಸಕ್ಕರೆಯ ಅಂಶವೇ ಕಡಿಮೆ. ದುಬಾರಿಯಾದ ಬಿಳಿ ಮಾಲ್ಟೇ ವಾಸ್ತವವಾಗಿ ಲಾಭ. ಫ್ರಾನ್ಸಿನೊಡನೆ ಯುದ್ಧದ ಕಾಲ, ಮಾಲ್ಟಿನ ಮೇಲೆ ಸುಂಕ ಏರುತ್ತಿತ್ತು. ಭಟ್ಟಿಯವರು ಬಿಳಿ ಮಾಲ್ಟಿಗೆ ತಿರುಗಿದರು. ಆದರೆ ಗಿರಾಕಿಗೆ ಪೋರ್ಟರಿನ ಬಣ್ಣ ಬೇಕಲ್ಲ? ಸುಟ್ಟ ಸಕ್ಕರೆ ಹಾಕಿದರು. ೧೮೧೬ರಲ್ಲಿ ಕಾನೂನು ಅದನ್ನು ನಿಷೇಧಿಸಿತು. ಮರುವರ್ಷವೇ ಡೇನಿಯಲ್ ವೀಲರ್ ಎಂಬವನು ಕಾಫಿಬೀಜ ಹುರಿಯುವ ಯಂತ್ರದಂಥ ತಿರುಗುವ ಪೀಪಾಯಿಯಲ್ಲಿ ಮಾಲ್ಟನ್ನು ಕರ್ರಗೆ ಹುರಿಯುವ ವಿಧಾನಕ್ಕೆ ಪೇಟೆಂಟು ಪಡೆದ. ಹಿಡಿಯಷ್ಟು ಹಾಕಿದರೆ ಕೊಪ್ಪರಿಗೆಯೆಲ್ಲ ಕಪ್ಪು. ಸ್ಟೌಟಿನ ಆ ಹುರಿದ ರುಚಿಯ ಜನ್ಮಕುಂಡಲಿ ಇದು: ಒಂದು ಅಳತೆಗೋಲು, ಒಂದು ಸುಂಕ, ಒಂದು ನಿಷೇಧ.

ಡಬ್ಲಿನ್ನಿನ ಆರ್ಥರ್ ಗಿನ್ನೆಸ್ ಸೇಂಟ್ ಜೇಮ್ಸ್ ಗೇಟಿನ ಭಟ್ಟಿಯನ್ನು ವರ್ಷಕ್ಕೆ ೪೫ ಪೌಂಡಿನಂತೆ ೯,೦೦೦ ವರ್ಷಗಳ ಗುತ್ತಿಗೆಗೆ ಹಿಡಿದದ್ದು ೧೭೫೯ರಲ್ಲಿ. ಮೊದಲು ಅವನು ಕಾಯಿಸುತ್ತಿದ್ದುದು ಸಾಧಾರಣ ಏಲ್ ಬೀರು. ಲಂಡನ್ನಿನ ಪೋರ್ಟರು ಡಬ್ಲಿನ್ನಿನಲ್ಲೂ ಮಾರಾಟವಾಗುವುದನ್ನು ಕಂಡು ಅದನ್ನೂ ಕಲಿತ. ೧೭೯೯ರಲ್ಲಿ ಏಲನ್ನು ಕೈಬಿಟ್ಟ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಆ ಭಟ್ಟಿ ಜಗತ್ತಿನಲ್ಲೇ ಅತಿ ದೊಡ್ಡದಾಗಿತ್ತು. ಅಲ್ಲಿಯ ನೌಕರನಾಗಿದ್ದ ಗಾಸೆಟ್ ಎಂಬಾತ ಸಣ್ಣ ಮಾದರಿಗಳಿಂದ ಸರಿಯಾದ ನಿರ್ಣಯಕ್ಕೆ ಬರುವುದು ಹೇಗೆಂದು ಯೋಚಿಸಿ, ೧೯೦೮ರಲ್ಲಿ 'ಸ್ಟೂಡೆಂಟ್' ಎಂಬ ಗುಪ್ತನಾಮದಲ್ಲಿ ಪ್ರಕಟಿಸಿದ ಲೇಖನವೇ ಇಂದು ಸಂಖ್ಯಾಶಾಸ್ತ್ರದ ಪ್ರತಿಯೊಬ್ಬ ವಿದ್ಯಾರ್ಥಿಯೂ ಓದುವ ಟಿ-ಪರೀಕ್ಷೆ. ಬೀರಿನಿಂದ ಲೋಕಕ್ಕಾದ ಉಪಕಾರಗಳಲ್ಲಿ ಇದನ್ನೂ ಸೇರಿಸಬೇಕು.

ಇಲ್ಲಿ ಸ್ಟೌಟಿನ ಪಕ್ಷದವರಿಗೆ ಎರಡು ಅಪ್ರಿಯ ಸಂಗತಿಗಳನ್ನು ಹೇಳಬೇಕಾಗಿದೆ. ಮೊಳಕೆ ಬರಿಸದೆ ಹುರಿದ ಜವೆಗೋಧಿ ಐರಿಷ್ ಸ್ಟೌಟಿನ ಪ್ರಾಣವೆಂದು ಅವರು ಹೇಳುವುದುಂಟು. ಆದರೆ ಸುಂಕವೆಲ್ಲ ಮಾಲ್ಟಿನ ಮೇಲಿದ್ದುದರಿಂದ, ಮಾಲ್ಟಾಗದ ಕಾಳನ್ನು ಬೀರಿಗೆ ಹಾಕುವುದು ೧೮೮೦ರವರೆಗೆ ಅಪರಾಧವಾಗಿತ್ತು. ಗ್ಲ್ಯಾಡ್‌ಸ್ಟನ್ ಆ ವರ್ಷ ಮಾಲ್ಟಿನ ಸುಂಕವನ್ನು ತೆಗೆದು ಬೀರಿನ ಮೇಲೆ ಹಾಕಿದ ಬಳಿಕವೇ ಅದಕ್ಕೆ ದಾರಿಯಾದದ್ದು. ಇನ್ನು ಆ ಕೆನೆಯಂಥ ನೊರೆ? ಮೈಕೇಲ್ ಆಷ್ ಎಂಬ ಗಣಿತಜ್ಞ ಗಿನ್ನೆಸ್ ಕಂಪನಿಯಲ್ಲಿ ಕುಳಿತು ಪೀಪಾಯಿಗೆ ನೈಟ್ರೋಜನ್ ಅನಿಲವನ್ನು ತುಂಬುವ ಉಪಾಯ ಹೂಡಿದ ಮೇಲೆ, ೧೯೫೯ರಲ್ಲಿ, ಅದು ಈ ರೂಪದಲ್ಲಿ ಲೋಟಕ್ಕೆ ಬಂತು. ನಮ್ಮ ವಿಶಾಲ ಮೈಸೂರು ರಾಜ್ಯಕ್ಕಿಂತ ಮೂರು ವರ್ಷ ಚಿಕ್ಕದು!

ಲಾಗರಿನವರು ನಗುವುದಕ್ಕೆ ಮೊದಲು ಅವರ ವಂಶಾವಳಿಯನ್ನೂ ನೋಡೋಣ. ಬವೇರಿಯದಲ್ಲಿ ೧೫೫೩ರ ಒಂದು ಕಟ್ಟಳೆ ಬೇಸಗೆಯಲ್ಲಿ ಬೀರು ಕಾಯಿಸುವುದನ್ನು ನಿಷೇಧಿಸಿತು. ಬಿಸಿಲಿಗೆ ಬೀರು ಹುಳಿಯುತ್ತಿತ್ತು. ಚಳಿಗಾಲದಲ್ಲಿ ಕಾಯಿಸಿ, ಗುಹೆಗಳಲ್ಲಿ ಶೇಖರಿಸಿ ಬೇಸಗೆಗೆ ಕುಡಿಯಬೇಕಾಯಿತು. ಜರ್ಮನ್ ಭಾಷೆಯಲ್ಲಿ ಲಾಗರ್ ಎಂದರೆ ಉಗ್ರಾಣ. ಆ ತಂಪಿನಲ್ಲಿ, ಏಲಿನ ಹುದುಗಿನಂತೆ ಮೇಲಕ್ಕೆ ಉಕ್ಕದೆ ತಳದಲ್ಲಿ ನಿಧಾನವಾಗಿ ಕೆಲಸಮಾಡುವ ಬೇರೊಂದು ಹುದುಗು ನೆಲೆಗೊಂಡಿತು. ಆದರೆ ಆ ಲಾಗರಿನ ಬಣ್ಣವೂ ಕಂದೇ. ಬಿಳಿ ಮಾಲ್ಟು ಒಣಗಿಸುವ ವಿದ್ಯೆ ಇದ್ದದ್ದು ಇಂಗ್ಲೆಂಡಿನಲ್ಲಿ. ೧೮೩೩ರಲ್ಲಿ ಮ್ಯೂನಿಕ್ಕಿನ ಸೆಡ್ಲ್‌ಮೇಯರ್, ವಿಯೆನ್ನದ ಡ್ರೆಹರ್ ಎಂಬ ಇಬ್ಬರು ತರುಣರು ಅಲ್ಲಿಗೆ ಹೋಗಿ ಭಟ್ಟಿ ಭಟ್ಟಿ ಸುತ್ತಿದರು. ಟೊಳ್ಳು ಊರುಗೋಲಿನಲ್ಲಿ ಗುಟ್ಟಾಗಿ ರಸವನ್ನು ಹೀರಿ ತಂದು ರಾತ್ರಿ ಕೋಣೆಯಲ್ಲಿ ಅಳೆದರು. ಕಳ್ಳತನವೆಂದು ಬೇಕಾದರೆ ಕರೆಯಬಹುದು.

ಬೊಹಿಮಿಯದ ಪಿಲ್ಸೆನ್ ಊರಿನಲ್ಲಿ ಬೀರು ಎಷ್ಟು ಕೆಟ್ಟಿತ್ತೆಂದರೆ ೧೮೩೮ರಲ್ಲಿ ೩೬ ಪೀಪಾಯಿಗಳನ್ನು ಪುರಭವನದ ಮುಂದೆಯೇ ಚೆಲ್ಲಿದರು. ನಾಗರಿಕರು ಒಟ್ಟುಗೂಡಿ ಹೊಸ ಭಟ್ಟಿ ಕಟ್ಟಿಸಿ, ಬವೇರಿಯದಿಂದ ಯೋಸೆಫ್ ಗ್ರಾಲ್ ಎಂಬವನನ್ನು ಕರೆಸಿದರು. ೧೮೪೨ರ ಅಕ್ಟೋಬರ್ ೫ರಂದು ಅವನು ಮೊದಲ ಕೊಪ್ಪರಿಗೆ ಕಾಯಿಸಿದ. ಇಂಗ್ಲಿಷ್ ರೀತಿಯ ಬಿಳಿ ಮಾಲ್ಟು, ಬವೇರಿಯದ ಹುದುಗು, ಊರಿನ ಮೆದು ನೀರು, ಪಕ್ಕದ ಸಾಟ್ಸ್ ಸೀಮೆಯ ಹಾಪ್ಸ್. ಸೇರಿ ಬಂದದ್ದು ಹೊನ್ನಿನ ಬಣ್ಣ. ರೈಲು ಅದನ್ನು ಯೂರೋಪಿನ ನಗರಗಳಿಗೆಲ್ಲ ಹೊತ್ತೊಯ್ದಿತು. ಊರಿನ ಹೆಸರನ್ನೇ ಎಲ್ಲ ದೇಶದವರೂ ತಮ್ಮ ತಮ್ಮ ಸೀಸೆಗಳಿಗೆ ಹಚ್ಚಿಕೊಂಡರು. ಗ್ರಾಲನನ್ನು ಮಾತ್ರ ಮೂರು ವರ್ಷಕ್ಕೆ ಮನೆಗೆ ಕಳಿಸಿದರು.

ಹುದುಗಿನ ಕಥೆ ಇದಕ್ಕಿಂತ ಸ್ವಾರಸ್ಯ. ನೆರೆಮನೆಯಿಂದ ಮೊಸರಿನ ಹೆಪ್ಪು ತರುವುದು ನಮಗೆ ಹೊಸದಲ್ಲ. ಹೆಪ್ಪು ಕೇಳಿದವರಿಗೆ ಇಲ್ಲವೆನ್ನುವ ಪದ್ಧತಿಯಿಲ್ಲ. ಕೋಪನ್‌ಹೇಗನ್ನಿನ ಯಾಕೊಬ್ಸನ್ ೧೮೪೫ರಲ್ಲಿ ಬೀರಿನ ಹೆಪ್ಪಿಗಾಗಿ ಮ್ಯೂನಿಕ್ಕಿನ ಸೆಡ್ಲ್‌ಮೇಯರನಲ್ಲಿಗೆ ಹೋದ. ಕುದುರೆಗಾಡಿಯಲ್ಲಿ ಹಿಂದಿರುಗುವಾಗ ದಾರಿಯ ನಿಲುಗಡೆಗಳಲ್ಲೆಲ್ಲ ಡಬ್ಬಿಗೆ ತಣ್ಣೀರು ಸುರಿಯುತ್ತ ಆ ಹುದುಗನ್ನು ಜೀವಂತ ತಂದ. ಎರಡು ವರ್ಷದಲ್ಲಿ ಅವನು ಕಟ್ಟಿದ ಭಟ್ಟಿಗೆ ಮಗ ಕಾರ್ಲನ ಹೆಸರಿನಿಂದ ಕಾರ್ಲ್ಸ್‌ಬರ್ಗ್ ಎಂದಾಯಿತು. ಆದರೂ ಬೀರು ಕೆಲವೊಮ್ಮೆ ಕಾರಣವಿಲ್ಲದೆ ಕೆಡುತ್ತಿತ್ತು. ಅಲ್ಲಿಯ ಪ್ರಯೋಗಶಾಲೆಯ ಎಮಿಲ್ ಹಾನ್ಸೆನ್, ಹುದುಗಿನಲ್ಲಿ ಒಳ್ಳೆಯದರ ಜೊತೆಗೆ ಕಾಡುಜಾತಿಗಳೂ ಸೇರಿರುವುದೇ ಕಾರಣವೆಂದು ಕಂಡು, ೧೮೮೩ರಲ್ಲಿ ಒಂದೇ ಒಂದು ಕಣದಿಂದ ಶುದ್ಧ ಹುದುಗನ್ನು ಬೆಳೆಸಿದ. ಯಾಕೊಬ್ಸನ್ ಅದನ್ನು ಪೇಟೆಂಟು ಮಾಡಿ ಕೋಟಿ ಗಳಿಸಬಹುದಾಗಿತ್ತು. ಕೇಳಿದವರಿಗೆಲ್ಲ ಪುಕ್ಕಟೆ ಕೊಟ್ಟ.

ಈ ಔದಾರ್ಯವೇ ಬೀರಿನ ವೈವಿಧ್ಯಕ್ಕೆ ಮುಳುವಾಯಿತೆಂದರೆ ವಿಚಿತ್ರವೆನಿಸೀತು. ಬೀರು ಕೆಡುವುದು ನಿಂತಿತು. ಜೊತೆಗೆ ಒಂದೊಂದು ಊರಿನ ಬೀರಿಗೂ ಇದ್ದ ಒಂದೊಂದು ವಕ್ರತೆಯೂ ನಿಂತಿತು. ಶುದ್ಧ ಹುದುಗು, ಲಿಂಡೆಯ ಶೀತಯಂತ್ರ, ರೈಲು, ಮುಂದೆ ಜಾಹೀರಾತು, ಇಷ್ಟೂ ಸೇರಿದ ಮೇಲೆ ತಿಳಿ ಲಾಗರನ್ನು ಎಲ್ಲಿ ಬೇಕಾದರೂ ಒಂದೇ ಬಗೆಯಾಗಿ ತಯಾರಿಸಬಹುದಾಯಿತು, ತಯಾರಿಸಿದರು. ಪೋರ್ಟರು ತನ್ನ ಹುಟ್ಟೂರಾದ ಲಂಡನ್ನಿನಲ್ಲೇ ಇಪ್ಪತ್ತನೆಯ ಶತಮಾನದ ಮಧ್ಯದ ಹೊತ್ತಿಗೆ ಇಲ್ಲವಾಯಿತು. ಅಮೆರಿಕದಲ್ಲಿ ೧೮೭೦ರ ದಶಕದಲ್ಲಿ ೪,೦೦೦ಕ್ಕೂ ಮೀರಿ ಭಟ್ಟಿಗಳಿದ್ದವು. ೧೯೨೦ರಿಂದ ೧೯೩೩ರವರೆಗಿನ ಪಾನನಿರೋಧವೂ ಆ ಬಳಿಕ ದೊಡ್ಡವರು ಸಣ್ಣವರನ್ನು ನುಂಗಿದ್ದೂ ಸೇರಿ, ೧೯೭೦ರ ದಶಕದ ಕೊನೆಗೆ ನೂರು ಸಹ ಉಳಿದಿರಲಿಲ್ಲ.

ಮೂರನೆಯ ಪಂಗಡದ ಉಗಮ ಇಲ್ಲಿದೆ. ೧೯೬೫ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಆಂಕರ್ ಎಂಬ ಹಳೆಯ ಭಟ್ಟಿ ಮುಚ್ಚುವುದರಲ್ಲಿದ್ದಾಗ ಫ್ರಿಟ್ಸ್ ಮೇಟ್ಯಾಗ್ ಎಂಬ ತರುಣ ಅದನ್ನು ಕೊಂಡು ಉಳಿಸಿದ. ಮುಂದಿನ ದಶಕದಲ್ಲಿ ಲಂಡನ್ ಮರೆತಿದ್ದ ಪೋರ್ಟರನ್ನು ಅಲ್ಲಿ ಕಾಯಿಸಿದ. ೧೯೭೧ರಲ್ಲಿ ಐರ್ಲೆಂಡಿಗೆ ರಜಕ್ಕೆ ಹೋಗಿದ್ದ ನಾಲ್ವರು ಇಂಗ್ಲಿಷ್ ಯುವಕರು, ಪಡುಗಡಲ ದಂಡೆಯ ಡನ್‌ಕ್ವಿನ್ ಹಳ್ಳಿಯ ಪಾನಗೃಹದಲ್ಲಿ ಕುಳಿತು, ತಮ್ಮ ದೇಶದ ಹಳೆಯ ಏಲಿನ ರಕ್ಷಣೆಗೆ ಕ್ಯಾಮ್ರಾ ಎಂಬ ಸಂಘವನ್ನು ಸ್ಥಾಪಿಸಿದರು. ೧೯೭೭ರಲ್ಲಿ ಮೈಕೇಲ್ ಜಾಕ್ಸನ್ (ಗಾಯಕನಲ್ಲ, ಅದೇ ಹೆಸರಿನ ಇಂಗ್ಲಿಷ್ ಪತ್ರಕರ್ತ) ಲೋಕದ ಬೀರುಗಳನ್ನೆಲ್ಲ ಜಾತಿವಾರು ವಿಂಗಡಿಸಿ ಪುಸ್ತಕ ಬರೆದ. ಇಂದು ರಸಿಕರು ಹೋಲಿಸುವುದಕ್ಕೆ ಬಳಸುವ ಹೆಸರುಗಳಲ್ಲಿ ಎಷ್ಟೋ ಅವನಿಂದ ಬಂದವು. ಮರುವರ್ಷ ಅಧ್ಯಕ್ಷ ಕಾರ್ಟರ್ ಮನೆಯಲ್ಲಿ ಬೀರು ಕಾಯಿಸಲು ಅನುಮತಿ ಕೊಡುವ ಕಾಯಿದೆಗೆ ಸಹಿ ಹಾಕಿದ. ಈಗ ಅಮೆರಿಕದಲ್ಲಿ ೯,೦೦೦ಕ್ಕೂ ಮೀರಿ ಭಟ್ಟಿಗಳಿವೆ. ಅವಕ್ಕೆ ದಾರಿ ತೋರಿದ ಆಂಕರ್ ೨೦೨೩ರಲ್ಲಿ ಕೆಲಸ ನಿಲ್ಲಿಸಿತು.

ನಮ್ಮ ದೇಶಕ್ಕೆ ಈ ಕಪ್ಪು ಬೀರು ಹತ್ತೊಂಬತ್ತನೆಯ ಶತಮಾನದಲ್ಲೇ ಹಡಗಿನಲ್ಲಿ ಬಂದಿತ್ತು. ಇಂಡಿಯಾದ ಬಿಳಿ ಏಲಿನ ಕೀರ್ತಿಯೆಲ್ಲ ದೊರೆಗಳು ಕುಡಿದದ್ದರಿಂದ ಬಂದದ್ದು. ಸಾಮಾನ್ಯ ಬ್ರಿಟಿಷ್ ಸಿಪಾಯಿಗೆ ಸಿಗುತ್ತಿದ್ದುದು ಪೋರ್ಟರು. ದಕ್ಷಿಣ ಭಾರತದ ದಂಡಿನೂರುಗಳಿಗೆ ಬೀರು ಒದಗಿಸುತ್ತಿದ್ದ ಕೆಲವು ಭಟ್ಟಿಗಳನ್ನು ೧೯೧೫ರಲ್ಲಿ ಥಾಮಸ್ ಲೀಷ್‌ಮನ್ ಒಗ್ಗೂಡಿಸಿ ಯುನೈಟೆಡ್ ಬ್ರೂವರೀಸ್ ಮಾಡಿದ. ೧೯೪೭ರಲ್ಲಿ ವಿಠಲ ಮಲ್ಯರು ಅದರ ಆಡಳಿತ ಮಂಡಳಿಗೆ ಬಂದರು. ಕಂಪನಿಯ ಹೆಸರು ಬೆಳೆದದ್ದು ಕಿಂಗ್‌ಫಿಷರ್ ಎಂಬ ತಿಳಿ ಲಾಗರಿನಿಂದ. ೨೦೨೧ರಲ್ಲಿ ಕಂಪನಿಯ ಹಿಡಿತ ಹಾಲೆಂಡಿನ ಹೈನೆಕೆನ್ ಕೈಗೆ ಹೋಯಿತು. ಬೆಂಗಳೂರಿನ ಹಳೆಯ ಭಟ್ಟಿ ಇದ್ದ ನೆಲದಲ್ಲಿ ಈಗ ಯು.ಬಿ. ಸಿಟಿಯ ಗೋಪುರಗಳು ನಿಂತಿವೆ. ಅಲ್ಲಿಂದ ಕೆಲವೇ ಮೈಲಿಗಳ ಸುತ್ತಿನಲ್ಲಿ, ೨೦೧೦ರಿಂದೀಚೆಗೆ ತೆರೆದ ಸಣ್ಣ ಬೀರುಮನೆಗಳಲ್ಲಿ, ಸ್ಟೌಟೂ ಲಾಗರೂ ಒಂದೇ ಸೂರಿನಡಿ ಹುದುಗುತ್ತಿವೆ.

ಹುದುಗಿನ ಒಂದು ಮಾತು ಉಳಿಯಿತು. ಲಾಗರಿನ ಹುದುಗು ಶುದ್ಧ ಕುಲದ್ದಲ್ಲ, ಬೆರಕೆ: ಏಲಿನ ಹುದುಗು ಒಂದು ಕಡೆ, ಚಳಿಯನ್ನು ತಾಳುವ ಯಾವುದೋ ಕಾಡುಹುದುಗು ಇನ್ನೊಂದು ಕಡೆ. ಆ ಕಾಡಿನ ಬಂಧು ಯೂರೋಪಿನಲ್ಲಿ ಬಹುಕಾಲ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ೨೦೧೧ರಲ್ಲಿ ಅದು ಸಿಕ್ಕಿತು, ಮ್ಯೂನಿಕ್ಕಿನ ಗುಹೆಗಳಲ್ಲಲ್ಲ. ದಕ್ಷಿಣ ಅಮೆರಿಕದ ತುದಿಯ ಪೆಟಗೋನಿಯದ ಕಾಡಿನಲ್ಲಿ, ಬೀಚ್ ಮರದ ಗಂಟುಗಳ ಮೇಲೆ.